ಹಾರೆಕೋಲಿನ ಕಿವಿ

ಟ್ಯಾಬ್ಲೆಟ್ಟಿನಲ್ಲಿ ಈ ಓಣಿ ಖಾಲಿ.
ಒಳಚರಂಡಿಯ ನೀಲಿ ಗೆರೆ ಪೆಟ್ರೋಲ್ ಬಂಕಿನ ತನಕ ಬಂದು
ಅಲ್ಲಿಗೇ ಮಾತು ನಿಲ್ಲಿಸಿದೆ.
ಮತ್ತೆ ಕಾಣುವುದು ಐಸ್ ಪ್ಲಾಂಟಿನ ಆಚೆ, ಬಂದರಿನ ಹತ್ತಿರ.
ನಡುವಿನ ಇನ್ನೂರು ಮೀಟರು
ಮಂಗಳೂರಿನ ನೀರು ಎಲ್ಲಿ ಹೋಗುತ್ತದೆ?

ಅಂಗಾರಣ್ಣನನ್ನು ಕೇಳಿ, ಎಂದರು ಆಫೀಸಿನಲ್ಲಿ.
ಮುಂದಿನ ತಿಂಗಳು ರಿಟೈರು. ಆಮೇಲೆ ಕೇಳಲು ಯಾರೂ ಇಲ್ಲ.

ಬಂದರು. ಖಾಕಿ ಅಂಗಿ, ಹವಾಯಿ ಚಪ್ಪಲಿ,
ಹೆಗಲಲ್ಲಿ ಎದೆಮಟ್ಟದ ಹಾರೆಕೋಲು.
ಒಂದು ಹೆಜ್ಜೆ, ಒಂದು ಕುಟ್ಟು.
ಡಾಮರಿನ ಮೇಲೆ ಡಾಮರು, ಅದರ ಮೇಲೆ ಕಾಂಕ್ರೀಟು,
ಚುನಾವಣೆಗೊಂದು ಪದರ.
ಕುಟ್ಟಿ, ಬಗ್ಗಿ, ಕೋಲಿನ ಮೇಲ್ತುದಿಯನ್ನು
ಕಿವಿಯ ಹಿಂದಿನ ಎಲುಬಿಗೊತ್ತಿ ಕಣ್ಣು ಮುಚ್ಚುತ್ತಾರೆ,
ಬಚ್ಚಂಗಾಯಿ ಆರಿಸುವವರ ಹಾಗೆ.
"ಇದು ನೆಲ."
ಠಣ್.
"ಇದೂ ನೆಲವೇ."

"ಇಲ್ಲೊಂದು ಗೋಳಿಮರ ಇತ್ತು ಮೇಡಂ.
ಬೇರು ಪೈಪಿನ ಸಂದಿಗೆ ನುಗ್ಗಿ
ಒಳಗೆ ಜಡೆ ಹಾಕಿ ಕೂತಿತ್ತು. ನಾನೇ ಎಳೆದದ್ದು."
ಇಳಿದಾ?
"ಇಳಿದೇ. ಆಗ ಮೆಷಿನ್ ಎಲ್ಲಿತ್ತು?
ಮೇಲೆ ನಿಂತವರು ವಾಸನೆಗೆಂದು ಬೀಡಿ ಸೇದುತ್ತಿದ್ದರು.
ಒಳಗೆ ಇದ್ದವನಿಗೆ ಅದೂ ಇಲ್ಲ."

ಈಗ ಇಳಿಸಬಾರದು, ಕಾನೂನು ಉಂಟು.
ಕಾನೂನು ಬರುವ ಮೊದಲೇ ಮೂಗು ಹೋಗಿತ್ತು.
ಹಲಸು ಹಣ್ಣಾಯಿತಾ ಎಂದು
ಮೊಮ್ಮಗಳನ್ನು ಕೇಳಬೇಕು.
ಮಲ್ಲಿಗೆ ಕೊಂಡರೆ ಗೊತ್ತಾಗುವುದು ರೇಟು ಮಾತ್ರ.

ನಾನು ಬರೆದುಕೊಳ್ಳಲು ಕಾಲಮ್ಮು ಹುಡುಕಿದೆ.
ಆಳ, ವ್ಯಾಸ, ಮುಚ್ಚಳದ ವಿಧ, ಷರಾ.
ಷರಾದಲ್ಲಿ ಹಿಡಿಸುವುದು ಇಪ್ಪತ್ತೇ ಅಕ್ಷರ.

ಮೈಮೂನಮ್ಮನ ಗೇಟಿನೆದುರು ಕೋಲಿನ ದನಿ ತಿರುಗಿತು.
ಠಣ್ ಅಲ್ಲ, ದುಂ.
ಸದ್ದಿಗೆ ಅವರೇ ಕೈಯೊರಸುತ್ತ ಹೊರಬಂದರು:
"ಈಗ ಬಂದಿರಾ? ಬಾವಿಗೆ ಬಿಟ್ಟ ಆಮೆ
ಹೋದ ಮಳೆಗಾಲದಲ್ಲೇ ತೇಲಿತು."

ಬಗ್ಗಿ ನೋಡಿದೆ. ಮುರಕಲ್ಲಿನ ಗೋಡೆ, ಜರಿಗಿಡ,
ಕೆಳಗೆ ಎಣ್ಣೆಯಂಥ ತೆಳು ಪೊರೆ.
ಮುರಕಲ್ಲಿಗೆ ಮೈತುಂಬ ಬಾಯಿ,
ಯಾರು ಕೊಟ್ಟದ್ದನ್ನೂ ಬೇಡ ಎನ್ನುವುದಿಲ್ಲ.
ಮೂರು ಮಾರು ಆಚೆ ಬಿರಿದ ಮಣ್ಣಿನ ಪೈಪು.
ನಲವತ್ತು ಅಡುಗೆಮನೆಯ ಗಂಜಿತಿಳಿ,
ಬಂಗುಡೆ ತೊಳೆದ ನೀರು, ಲಾಡ್ಜಿನ ಸೋಪು,
ಮತ್ತೆ, ಊಟದ ಹೊತ್ತಿಗೆ ಹೇಳಬಾರದ ಎಲ್ಲವೂ
ಹನಿಹನಿಯಾಗಿ ಇವರ ಕೊಡಕ್ಕೆ.

ಪರೀಕ್ಷೆಗೆ ಒಂದು ಬಾಟಲಿ ತುಂಬಿಕೊಂಡೆ.
"ವಾಸನೆ ಉಂಟಾ?" ಅಂಗಾರಣ್ಣ ಕೇಳಿದರು.
ಉಂಟು, ಎಂದೆ ನಾನು.
ಇಲ್ಲವಲ್ಲ, ಎಂದರು ಮೈಮೂನಮ್ಮ.

ಮಧ್ಯಾಹ್ನ ಕಟರ್ ಬಂತು. ಗೇಣುದ್ದ ಕೊಯ್ದ ಮೇಲೆ
ಬೀಡಿನ ಮುಚ್ಚಳ, ಇಸವಿ ಸವೆದು
ಒಂದು ಏಳು ಮಾತ್ರ ಉಳಿದಿದೆ.
ಎತ್ತಿದಾಗ ಎಲ್ಲರೂ ಹಿಂದೆ ಸರಿದರು,
ಒಬ್ಬರನ್ನು ಬಿಟ್ಟು.
"ಹರಿಯುತ್ತಾ ಉಂಟು," ಎಂದರು,
ಊರಿಗೆ ಬಂದ ನೆಂಟರ ಸುದ್ದಿ ಹೇಳುವಂತೆ.

ಇಲ್ಲಿಂದ ಇಳಿಜಾರಿನ ದಯೆ, ವೆಟ್‌ವೆಲ್ಲಿನ ತನಕ.
ಅಲ್ಲಿಂದ ಪಂಪು ಗುಡ್ಡ ಹತ್ತಿಸಬೇಕು,
ಕರೆಂಟು ಹೋದ ರಾತ್ರಿ ಎಲ್ಲ ತೋಡಿಗೆ.
ಗುಡ್ಡದ ಮೇಲಿನ ತೊಟ್ಟಿಗೆ ಹಗಲಿರುಳು ಗಾಳಿ ಊದುತ್ತಾರೆ.
ಕಣ್ಣಿಗೆ ಕಾಣದವು ಅಲ್ಲಿ ಉಣ್ಣಲು ಕೂತಿವೆ,
ಯಾರ ಮನೆಯದ್ದು ಎಂದು ಕೇಳದೆ.
ತಿಂದು ಮುಗಿಸಿದ ಮೇಲೆ ನೀರು ನೀರಿನಂತೆಯೇ ಕಾಣುತ್ತದೆ.
ನಾನು ಇಂಜಿನಿಯರು, ಆದರೂ ಕುಡಿದು ನೋಡಿಲ್ಲ.

ನಕ್ಷೆಯಲ್ಲಿ ಚುಕ್ಕಿ ಇಟ್ಟೆ.
ಷರಾದಲ್ಲಿ: ಅಂಗಾರ ಹುಡುಕಿದ್ದು.
ಹಿಡಿಸಿತು.

"ಇನ್ನು ಹದಿನೇಳು ಉಂಟು, ನನ್ನ ಲೆಕ್ಕದಲ್ಲಿ.
ನಾಳೆ ಬಿಸಿಲೇರುವ ಮೊದಲು ಬನ್ನಿ," ಎಂದವರು
ಹೋಗುತ್ತ ನಿಂತು, ಕೋಲು ನನ್ನ ಕೈಗಿತ್ತು,
ಮೇಲ್ತುದಿಗೆ ಎಲುಬು ಹಚ್ಚಿಸಿದರು, ಕಿವಿಯ ಹಿಂದೆ.
ತಣ್ಣಗಿತ್ತು ಕಬ್ಬಿಣ.
ಕುಟ್ಟಿದೆ. ರಿಕ್ಷಾದ ಹಾರ್ನು, ನನ್ನದೇ ಉಸಿರು,
ಬೇರೇನೂ ಕೇಳಲಿಲ್ಲ.

"ಇನ್ನೊಮ್ಮೆ," ಎಂದರು.