ಏಳರಲ್ಲಿ ಎಷ್ಟು

ಹನ್ನೆರಡೇ ಸಾಲು.
ಇಂಗ್ಲಿಷಿನಿಂದ ಹಂಗೇರಿಯನ್ನಿಗೆ ತರಲು ಎಮೊಕೆಗೆ
ಎರಡು ಚಳಿಗಾಲ ಹಿಡಿಯಿತು.
ತಂದದ್ದನ್ನು ಝೋಂಬೋರ್ ಮತ್ತೆ ಇಂಗ್ಲಿಷಿಗೆ ಹೊತ್ತ,
ಮೂಲ ನೋಡುವಂತಿಲ್ಲ, ಅದೇ ನಿಯಮ:
ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು
ಬಂದ ದಾರಿಯಲ್ಲೇ ವಾಪಸು ಹೋಗುವುದು.

ಹನ್ನೊಂದು ಸಾಲು ನೆಟ್ಟಗೆ ಮನೆ ಸೇರಿದವು.
ನಾಲ್ಕನೆಯದು ಬೇರೆ ಯಾರದೋ ಕದ ತಟ್ಟಿತು.
‘ಬಾಳಿನ ಅರ್ಥವನ್ನು ಇನ್ನೂ ಹುಡುಕುತ್ತಿದ್ದೇನೆ’ ಅಂತ ಹೊರಟದ್ದು
‘ಬಾಳಿನ ಅರ್ಥವನ್ನು ಇನ್ನೂ ದುಡಿಯುತ್ತಿದ್ದೇನೆ’ ಅಂತ ಬಂತು.

ಅವನ ತಪ್ಪಲ್ಲ.
ಆ ನುಡಿಯಲ್ಲಿ ‘ಕೆರೆಶ್’ ಎಂದರೆ ಹುಡುಕುತ್ತಾನೆ,
ಕೆರೆಶ್ ಎಂದರೆ ಸಂಪಾದಿಸುತ್ತಾನೆ.
ಕೆಲಸಕ್ಕೆ ಅಲೆಯುವವನೂ ಸಂಬಳ ಎಣಿಸುವವನೂ
ಒಂದೇ ಕ್ರಿಯಾಪದದ ಸೂರಿನಡಿ
ಮೈ ತಾಗಿಸಿಕೊಂಡು ನಿಂತಿದ್ದಾರೆ.
ನಗಬೇಡಿ. ನಮ್ಮಲ್ಲಿ ಅರ್ಥಕ್ಕೊಬ್ಬ ಸಚಿವರೇ ಇದ್ದಾರೆ,
ವರ್ಷಕ್ಕೊಮ್ಮೆ ಎದ್ದು ನಿಂತು ಬಜೆಟ್ಟು ಓದುತ್ತಾರೆ.

ಆಮೇಲೆ ಮಂದಿಯ ಮುಂದಿಡಬೇಕು.
‘ಓದಿ. ಓದುವಾಗ ತಲೆಯಲ್ಲಿ ಓಡಿದ್ದನ್ನು
ಬಾಯಿಬಿಟ್ಟು ಹೇಳಿ.’

ರೋಜಾಲಿಯಾ ನೇನಿ,
ಮೆಣಸಿನಪುಡಿ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ
ಕೆಂಪಿನಿಂದ ಕೆಂಪನ್ನು ಬೇರೆ ಮಾಡಿದವಳು,
ಮೊದಲ ಸಾಲಿಗೇ ಕನ್ನಡಕ ತೆಗೆದಳು.
‘ಎರ್ತೆಲೆಮ್’ ಎಂಬಲ್ಲಿ ಬೆರಳು.
“ಇದು ಬುದ್ಧಿಯಲ್ಲವೇನೇ ಹುಡುಗಿ?
ನಾನು ಓದಿದ್ದು ಆರನೇ ಇಯತ್ತೆ.
ನನ್ನ ಬಾಳಿಗೆ ಬುದ್ಧಿ ಇದೆಯೋ ಇಲ್ಲವೋ
ನನ್ನ ಮೈದುನನ್ನು ಕೇಳು, ದಿನಾ ಅದನ್ನೇ ಹೇಳುತ್ತಾನೆ.”
ಬುದ್ಧಿ, ಅರ್ಥ, ಎರಡಕ್ಕೂ ಅದೇ ಪದ, ನಿಜ.
ಎಮೊಕೆ ಅಂಚಿನಲ್ಲಿ ಗುರುತು ಹಾಕಿಕೊಂಡಳು.
ಮೈದುನನ ಮಾತಿಗೆ ಅಂಚಿನಲ್ಲಿ ಜಾಗವಿರಲಿಲ್ಲ.

ಟಿಸಾ ಹೊಳೆಯ ಕಡವಿನ ವೆಂಡೆಲ್
ಎಲ್ಲಕ್ಕೂ ಏಳು ಕೊಟ್ಟ.
ಒಂಬತ್ತನೆಯದು ಬೇಕೆಂದೇ ತಿರುಗಿಸಿಟ್ಟ ಸಾಲು,
ಕಣ್ಣುಮುಚ್ಚಿ ಸುತ್ತು ಹಾಕುವವರನ್ನು ಹಿಡಿಯಲು:
‘ನನ್ನ ಬಾಳಿಗೆ ಇಂಥದ್ದೆಂಬ ಗುರಿ ಇಲ್ಲ.’
ಅದಕ್ಕೂ ಏಳು, ಪೆನ್ನು ಒತ್ತಿ.
“ಈ ದಡದಲ್ಲಿದ್ದರೆ ಆ ದಡ ಗುರಿ,
ಅಲ್ಲಿ ಮುಟ್ಟಿದರೆ ಈ ದಡ.
ಗುರಿ ಇರುವವರು ಇಳಿದು ಹೋಗುತ್ತಾರೆ.
ದೋಣಿಯೂ ಇಳಿದು ಹೋದರೆ ಹೇಗೆ?”
ಹೇಳಿ ಹೇಳಿ ನಕ್ಕ.
ಕಂಪ್ಯೂಟರು ನಗಲಿಲ್ಲ. ಅವನ ಹಾಳೆಯನ್ನು ಹೊರಗಿಟ್ಟಿತು:
ಗಮನವಿಲ್ಲದೆ ಉತ್ತರಿಸಿದ್ದಾರೆ.

ಮುನ್ನೂರ ಹನ್ನೆರಡು ಹಾಳೆ ಉಳಿದವು.
ಸಾಲುಗಳು ಒಂದರ ಕೈ ಒಂದು ಹಿಡಿದಿವೆಯೇ ಎಂದು ನೋಡುವ ಅಂಕಿ
ಸೊನ್ನೆ ದಶಾಂಶ ಎಂಟು ಏಳು.
ಪ್ರೊಫೆಸರು ಕೇಕು ತರಿಸಿದರು.

ಎರಡು ವಾರ ಬಿಟ್ಟು ಅದೇ ಹಾಳೆ, ಅದೇ ಜನ.
ತಕ್ಕಡಿ ಸರಿಯಿದ್ದರೆ
ಅದೇ ಅಕ್ಕಿ ಅಷ್ಟೇ ತೂಗಬೇಕು ತಾನೇ.
ನೇನಿ ಬಾಗಿಲು ತೆರೆದಳು, ಕಪ್ಪು ಸ್ಕಾರ್ಫು.
“ಅವನು ಹೋದ ಮಂಗಳವಾರ ಹೋದ.
ಇನ್ನು ನಿನಗೆ ಯಾರು ಹೇಳುತ್ತಾರೆ?”
ಕೂತು ಹನ್ನೆರಡೂ ಸಾಲು ತುಂಬಿದಳು, ನಿಧಾನ,
ಅಕ್ಷರ ಕಲಿಯುವ ಮಗುವಿನಂತೆ ನಾಲಿಗೆ ತುದಿ ಹೊರಗೆ.
ಮೊದಲ ಸಾಲಿನಲ್ಲಿ
ನಾಲ್ಕಕ್ಕೂ ಐದಕ್ಕೂ ನಡುವೆ
ಖಾಲಿ ಬಿಳಿಗೆ ಸುತ್ತು ಹಾಕಿದಳು.

ಅದನ್ನು ಏನೆಂದು ನಮೂದಿಸುವುದು?

ಸಂಜೆ ಎಮೊಕೆ ಕಡವಿಗೆ ಇಳಿದಳು.
ದೋಣಿಯಲ್ಲಿ ಒಬ್ಬಳೇ, ಒಂದು ಸೈಕಲ್ಲು.
ನಡುಹೊಳೆಯಲ್ಲಿ ಬಾಡಿಗೆಗೆಂದು ಕೈಚೀಲಕ್ಕೆ ಕೈ ಹಾಕಿದರೆ
ಬರೀ ಹಾಳೆ, ಮತ್ತೆ ಹಾಳೆ, ಚಿಲ್ಲರೆ ಕೈಗೆ ಸಿಗದು.
ವೆಂಡೆಲ್ ಹಗ್ಗ ಬಿಡದೆ ತಿರುಗಿ,
ಮರ್ಯಾದೆಯಿಂದ, ಒಂದೇ ಪದದಲ್ಲಿ ಕೇಳಿದ:
“ಕೆರೆಶ್?”