ಹದಿನಾರು ಇಂಚು

ಅಂಗಡ್ಯಾಂವ ಮೊದಲ ಕೇಳಿದ ಮಾತು: "ಗಂಡಸರು ಬಂದಿಲ್ಲೇನು?"
ಮಾಪ್ಸಾದ ಶುಕ್ರವಾರದ ಸಂತಿ, ಹೊರಗ ಮಸಾಲಿ ಮೀನಿನ ಗದ್ದಲ,
ಒಳಗ ಗ್ವಾಡಿಗೆ ತೂಗಹಾಕಿದ ಗರಗಸದ ಯಂತ್ರ ಒಂಬತ್ತು,
ಕಿತ್ತಳೆ, ಕೆಂಪು, ಒಂದು ಹಸರು,
ಬಾಯಿ ತೆರಕೊಂಡು ಸಾಲಾಗಿ.

ಬಂದಿಲ್ಲ ಅಂದೆ.
ನನ್ನ ಗಂಡಸು ಮಂಚದ ಮ್ಯಾಲೆ, ಬಲಗೈ ಜೋಳಿಗ್ಯಾಗ.
ಬಿರುಗಾಳಿ ಬಂದು ಹೋದ ನಸುಕಿನ್ಯಾಗ
ಸೈಕಲ್ಲಿಗೆ ಪಾವಿನ ಬುಟ್ಟಿ ಕಟಗೊಂಡು, ಪೋಂ ಪೋಂ ಬಾರಿಸ್ಕೋಂತ,
ದಿನಾ ಹೋಗೂ ದಾರಿ, ಬ್ಯಾಟರಿ ಯಾಕ ಅಂತ ಹೊಂಟಾಂವ
ಅಡ್ಡ ಮಲಗಿದ್ದ ಮಾವಿನ ಮರಕ್ಕ ಹೋಗಿ ಗುದ್ದಿದ.
ಮುನ್ನೂರು ಪಾವು ಕೆಸರಾಗ. ಹಾರ್ನು ಮಾತ್ರ
ಅವನ ಎದಿ ಕೆಳಗ ಸಿಕ್ಕು ಇನ್ನೊಮ್ಮೆ ಪೋಂ ಅಂತಂತ.

ಪಂಚಾಯ್ತಿ ಹುಡುಗರು ದಾರಿ ಅಷ್ಟ ಬಿಡಿಸಿ ಹ್ವಾದರು.
ಉಳಿದದ್ದು ಪಿಯೆದಾದ್ ಬಾಯಿದು, ಕಂಪೌಂಡಿನ ಮ್ಯಾಲೆ ಒರಗೇತಿ.
"ಒಯ್ಯಿ, ನಿನ್ನ ಒಲಿಗೆ ಒಯ್ಯಿ" ಅಂದಾಳ, "ಬುಡ ಮಾತ್ರ ಬಿಡು.
ಅರ್ಧ ಬೇರು ಇನ್ನೂ ಮಣ್ಣಾಗೈತಿ, ನೋಡೂಣು."

ಹದಿನೆಂಟು ವರ್ಷ ಈ ಶಿವೋಲಿಯೊಳಗ
ಕೊಂಡ ಕಟ್ಟಿಗಿ ಸುಟ್ಟೀವಿ, ಬೇಡಿ ತಂದ ಕಟ್ಟಿಗಿ ಸುಟ್ಟೀವಿ,
ಕಡದ ಕಟ್ಟಿಗಿ ಇದ ಮೊದಲ.

"ಕರೆಂಟಿಂದು ತಗೋ ಬಾಯಿ, ಹಗುರ, ಸಪ್ಪಳಿಲ್ಲ, ಹೆಂಗಸರಿಗೆ ಛಲೋ."
ಗಾಳಿ ಬಂದಾಗ ಮೊದಲ ಹೋಗೂದು ಕರೆಂಟು.
ಮೂರು ರಾತ್ರಿ ಮೇಣಬತ್ತಿ ಹಚ್ಚಿ ಹಿಟ್ಟು ನಾದಿದಾಕಿ ನಾನು.
ಅದನ್ನ ಅವಗ ಹೇಳಲಿಲ್ಲ. ಮುಂದಿಂದು ತೋರಸು ಅಂದೆ.

"ಹಂಗಾರ ಇದು. ಇಪ್ಪತ್ತೆರಡು ಇಂಚು. ರಾಜಾ."
ಯಮನೂರನ ಕಣ್ಣು ಅದರ ಮ್ಯಾಲೆ ನೆಟ್ಟ ಹೋತು,
ಹತ್ತೊಂಬತ್ತರ ಹುಡುಗ, ದೊಡ್ಡದು ಅಂದ್ರ ಛಲೋದು ಅನ್ನೂ ವಯಸ್ಸು.
ಎತ್ತಿ ನೋಡಿದೆ.
ತೂಕ ನನಗ ಯಾರೂ ಕಲಸೂದು ಬ್ಯಾಡ:
ಐದು ಕೇಜಿ ಮೈದಾ ಕಣ್ಣು ಮುಚ್ಚಿ ಹೇಳತೀನಿ.
ಇದು ಏಳರ ಮ್ಯಾಲೈತಿ, ಎಣ್ಣಿ ತುಂಬಿದ್ರ ಎಂಟು.
ಹತ್ತು ನಿಮಿಷ ರಾಜಾ,
ಹನ್ನೊಂದಕ್ಕ ಮೊಣಕಾಲ ಮ್ಯಾಲೆ ಬೀಳತೈತಿ.

ಹದಿನಾರರದು ಕೊಟ್ಟ. ನಾಕೂವರಿ.
"ಮರ ದಪ್ಪೈತಲ್ಲ ಅಕ್ಕಾ?" ಯಮನೂರ.
ಆಚೀಂದ ಅರ್ಧ, ಈಚೀಂದ ಅರ್ಧ.
ಹಗ್ಗ ಎಳದೆ. ಕೆಮ್ಮಿತು. ಎರಡನೇ ಸಲ ಗುರ್ ಅಂತು, ನಿಂತಿತು.
ಮೂರನೇದಕ್ಕ ಅಂಗಡಿ ತುಂಬ ಹೊಗಿ, ಸಂತ್ಯಾಗಿನ ನಾಯಿ ಬೊಗಳಿದ್ವು,
ಅಂಗೈಯಿಂದ ದವಡಿ ತನಕ ಒಂದು ನಡುಕ ಏರಿತು,
ಹೆದರಿಕಿ ಅನ್ನಲಾರೆ, ಅಲ್ಲ ಅಂತನೂ ಅನ್ನಲಾರೆ.

ಆಮ್ಯಾಲಿಂದ ಅಂವ ಎಲ್ಲಾ ನನಗ ಹೇಳಿದ, ಯಮನೂರಗಲ್ಲ:
ಲೀಟರ ಪೆಟ್ರೋಲಿಗೆ ಇಪ್ಪತ್ತೈದು ಮಿಲಿ ಎಣ್ಣಿ, ಅಂದಾಜು ಬ್ಯಾಡ;
ತುದಿ ತಾಗಿಸಬ್ಯಾಡ, ತಾಗಿದ್ರ ಮುಖಕ್ಕ ಹಾರತೈತಿ;
ಬಿದ್ದ ಮರ ಸುಮ್ಮನ ಬಿದ್ದಿರೂದಿಲ್ಲ,
ಬಾಗಿ ಸಿಕ್ಕೊಂಡ ಕೊಂಬಿ ಬಿಡಿಸಿದ ಕೂಡಲೆ ಒದೀತೈತಿ;
ಮುಂದಿನ ಈ ಹಿಡಿಕಿ ಬ್ರೇಕು, ಇದನ್ನ ಮರತಾಂವ...
ಅಷ್ಟಕ್ಕ ನಿಂತು ಎಡಗೈ ಕಿಸೇದಾಗ ಹಾಕ್ಕೊಂಡ.

ಕನ್ನಡಕ, ಕೈಗವಸಕ್ಕ ಬ್ಯಾರೆ ರೊಕ್ಕ.
ಯಂತ್ರದ ಮ್ಯಾಲೆ ಒಂದು ರೂಪಾಯಿ ಬಿಡಲಿಲ್ಲ,
ಹಲ್ಲು ಮಸಿಯೂ ಅರ ಒಂದು ಪುಕ್ಕಟೆ ಕೊಟ್ಟ.

ಬಸ್ಸಿನ್ಯಾಗ ತೊಡಿ ಮ್ಯಾಲೆ ಇಟಗೊಂಡು ಕುಂತೆ.
"ಕೂಸಿಗೆ ಅರ್ಧ ಟಿಕೀಟು" ಅಂತ ಕಂಡಕ್ಟರ ನಕ್ಕ.

ಬಾಳಪ್ಪ ಎಡಗೈಲೆ ಸವರಿ ನೋಡಿ,
"ಸಣ್ಣದಾತಲ್ಲ?" ಅಂದ.
ಚಹಾಕ್ಕ ಇಟ್ಟೆ.
ಮಾವಿನ ಹಸಿ ಕಟ್ಟಿಗಿ ಈ ವರ್ಷ ಒಲಿಗೆ ಬರೂದಿಲ್ಲ, ಬರೇ ಹೊಗಿ.
ಸೀಳಿ, ಒಟ್ಟಿ, ಒಂದು ಬ್ಯಾಸಗಿ ಬಿಸಲು ಕುಡಿಸಬೇಕು.
ಮುಂದಿನ ವರ್ಷದ ಪಾವಿಗೆ ಇವತ್ತ ರೊಕ್ಕ ಕೊಟ್ಟ ಬಂದೀನಿ.
ಅದನ್ನ ಅವಗ ಹೇಳೂ ಕಾರಣ ಇಲ್ಲ, ಅವಗ ಗೊತ್ತೈತಿ.

ಬೆಳಗಾಗೂದರಾಗ ಪಿಯೆದಾದ್ ಬಾಯಿ ಬುಡಕ್ಕ ಸುಣ್ಣ ಬಳದಿದ್ದಳು,
ಮೊಣಕಾಲೆತ್ತರಕ್ಕ ಒಂದು ಬಿಳಿ ಗೆರಿ.
ಇದರ ಆಚಿ ನಿಂದು.

ಕಿವಿಗೆ ಅರಳಿ ಇಟಗೊಂಡೆ.
ಹಗ್ಗ ಎಳದೆ.