ಬರೆ

ಕವೆಂಟ್ರಿಯ ಆಸ್ಪತ್ರೆ, ಮಕ್ಕಳ ವಾರ್ಡಿನ ಪಕ್ಕದ ಕೋಣೆ.
ಗೋಡೆಯ ಮೇಲೆ ಜಿರಾಫೆ,
ಕತ್ತಿನುದ್ದಕ್ಕೂ ಮಕ್ಕಳ ಎತ್ತರ ಅಳೆಯುವ ಗೆರೆ.
ಗಂಟೆಗೆ ಇಪ್ಪತ್ತೆರಡು ಪೌಂಡು ನನಗೆ, ದುಭಾಷಿ.
ಕೂಡಿಸಬಾರದು, ಕಳೆಯಬಾರದು,
ಅವರು ‘ನಾನು’ ಅಂದರೆ ನಾನೂ ‘ನಾನು’ ಅನ್ನಬೇಕು.
ಸಹಿ ಹಾಕಿ ಕೊಟ್ಟಿದ್ದೇನೆ.

ಕೆಮ್ಮಿಗೆಂದು ಬಂದ ಮಗು, ಎರಡು ವರ್ಷ.
ಡಾಕ್ಟರ್ ಹೆಸ್ಕೆತ್ ಸ್ಟೆತಸ್ಕೋಪನ್ನು
ಮೊದಲು ತನ್ನ ಅಂಗೈಯಲ್ಲಿ ಬೆಚ್ಚಗೆ ಮಾಡಿದಳು
(ಇದನ್ನು ಹೇಳಲೇಬೇಕು, ಒಳ್ಳೆಯ ಹೆಂಗಸು),
ಆಮೇಲೆ ಅಂಗಿ ಎತ್ತಿದಳು.
ಹೊಕ್ಕಳ ಸುತ್ತ ಮೂರು ಕಮಾನು.
ಬಳೆ ಕಾಯಿಸಿ ಒತ್ತಿದ್ದು. ಕೇಳದೆಯೇ ಗೊತ್ತು ನನಗೆ.
ನನ್ನ ಎಡ ಸೊಂಟದಲ್ಲೂ ಒಂದಿದೆ,
ಲಂಗದ ಲಾಡಿ ಕಟ್ಟುವಲ್ಲಿ. ಬಾಲಗ್ರಹಕ್ಕಂತೆ.

“ಇದೇನು?”
“ಬರಿ,” ಅಂದಳು ಹುಲಿಗೆಮ್ಮ.
ಇಂಗ್ಲಿಷಿನಲ್ಲಿ ತಡಕಾಡಿದೆ.
ದನದ ತೊಡೆಗೆ ಒತ್ತುವ ಪದವೊಂದು ಸಿಕ್ಕಿತು,
ಸೋಪಿನ ಹೆಸರಿಗೂ ಅದೇ ಪದ.
ಕನ್ನಡದಲ್ಲಾದರೆ
ಡಾಕ್ಟರ ಪೆನ್ನಿಗೆ ಕೊಡುವ ಅಪ್ಪಣೆಯೂ ಅದೇ:
ಬರೆ.

ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು ಡಾಕ್ಟರು.
“ಇದು ನಿಮ್ಮ ಸಂಸ್ಕೃತಿಯೇ?
ನಾನು ತಪ್ಪು ಅಂತ ಹೇಳುತ್ತಿಲ್ಲ.”
ಸಂಸ್ಕೃತಿ! ಹುಲಿಗೆಮ್ಮನ ಮುಂದೆ ಎಲ್ಲಿಡಲಿ ಆ ಪದವನ್ನು?
“ನಿಮ್ಮಲ್ಲಿ ಹೀಗೆ ಮಾಡ್ತಾರಾ?” ಅಂದುಬಿಟ್ಟೆ,
ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.
ನಿಮ್ಮಲ್ಲಿ.
ಬಾಡಿಗೆಗೆ ಮನೆ ಕೇಳಿ ಬಂದವರಿಗೆ
ನಮ್ಮಮ್ಮ ಗೇಟು ತೆರೆಯದೆ ಎಸೆಯುತ್ತಿದ್ದ ಪದ.
ನಿಮ್ಮಲ್ಲಿ ಮಾಂಸ ಮಾಡ್ತಾರಾ?
ನಿಮ್ಮಲ್ಲಿ ಯಾವ ದೇವರು?
ಹುಲಿಗೆಮ್ಮ ತಲೆಯೆತ್ತಿದಳು.
ನೋಡಿದ್ದು ಡಾಕ್ಟರನ್ನಲ್ಲ, ನನ್ನನ್ನು.

ಅಷ್ಟರಲ್ಲಿ ನನ್ನೊಳಗೊಂದು ಭಾಷಣ ತಯಾರಾಗಿತ್ತು.
ಊರಿಗೊಂದು ನಡೆ, ಕೇರಿಗೊಂದು ನುಡಿ,
ಹೊರಗೆ ನಿಂತವರಿಗೇನು ಗೊತ್ತು ಒಳಗಿನ ಬೇಗೆ,
ನಿಮ್ಮ ಹಾಸ್ಟೆಲ್ ಶಾಲೆಗಳಲ್ಲಿ ಬೆತ್ತವಿರಲಿಲ್ಲವೇ,
ಇತ್ಯಾದಿ. ಚೆನ್ನಾಗಿಯೇ ಇತ್ತು.
ಅದಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ.

“ತಪ್ಪು ಅನ್ನಾಕ ಯಾಕ ಅಂಜ್ತಾರ್ರಿ ಇವ್ರು?
ತಪ್ಪ ಐತಿ. ನಾ ಬ್ಯಾಡ ಅಂದಿದ್ದೆ.
ಬಾಣಂತಿ ಮಾತು ಯಾರ್ ಕೇಳ್ತಾರ್ರಿ,
ಅತ್ತಿ ತೊಡಿ ಮ್ಯಾಲ ಹಾಕ್ಕೊಂಡು ಗಟ್ಟಿ ಹಿಡಿದ್ಲು.
ಅಕಿನೂ ಅಳಾಕತ್ತಿದ್ಲು.”
ಆಮೇಲೆ, ಮಗುವಿನ ಅಂಗಿ ಇಳಿಸುತ್ತಾ,
“ಆದ್ರ ಕಾಮಾಲಿ ಕಮ್ಮಿ ಆತು ನೋಡ್ರಿ.”

ಎಲ್ಲ ದಾಟಿಸಿದೆ. ಕೂಡಿಸಲಿಲ್ಲ, ಕಳೆಯಲಿಲ್ಲ.
‘ನಾನು ಬೇಡ ಅಂದಿದ್ದೆ’ ಎಂದು
ಇಂಗ್ಲಿಷಿನಲ್ಲಿ ನನ್ನ ಬಾಯಿ ಹೇಳುವಾಗ
ಗಂಟಲು ಯಾಕೋ ಕಟ್ಟಿತು.
ಭಾಷಣ ಮಾಡಿದ್ದರೆ
ನಾನು ನಿಲ್ಲುತ್ತಿದ್ದುದು ಅತ್ತೆಯ ಪಕ್ಕದಲ್ಲಿ.
ಆ ‘ಆದ್ರ’ವನ್ನೂ ಬಿಡಲಿಲ್ಲ, ಹೇಳಿದೆ.

ಫಾರ್ಮಿನಲ್ಲಿ ಇದ್ದದ್ದು ಎರಡೇ ಚೌಕ.
ಪೆನ್ನು ಅವುಗಳ ನಡುವೆ ತುಸು ಹೊತ್ತು ತೂಗಾಡಿ
ಅಂಚಿನ ಖಾಲಿ ಜಾಗಕ್ಕಿಳಿದು ಏನನ್ನೋ ಬರೆಯಿತು.
ತಲೆಕೆಳಗಾದ ಅಕ್ಷರ ಓದುವ ಅಭ್ಯಾಸ ನನಗಿದೆ.
ಓದಲಿಲ್ಲ.

ಹೊರಗೆ ನಾಲ್ಕಕ್ಕೇ ಕತ್ತಲು. ಇಬ್ಬರಿಗೂ ಒಂದೇ ಬಸ್ಸು.
ಪ್ಯಾಕೆಟ್ಟು ಬಿಚ್ಚಿ ನನಗೂ ಒಂದು ಬಿಸ್ಕತ್ತು ಕೊಟ್ಟಳು,
ತೆಗೆದುಕೊಳ್ಳುತ್ತೇನೋ ಇಲ್ಲವೋ ಎಂದು ನೋಡಿದಳು.
ತೆಗೆದುಕೊಂಡೆ.
“ನಿಮ್ಮಲ್ಲಿ ಹಾಕ್ತಾರೇನ್ರಿ, ಬರಿ?”

ಕೋಟಿನ ಬೆಲ್ಟು ಸರಿಯಾಗಿ ಅಲ್ಲೇ ಒತ್ತುತ್ತಿತ್ತು.
ಸಹಿ ಹಾಕಿದ್ದು ಆಸ್ಪತ್ರೆಯ ಒಳಗಿನ ಮಾತಿಗೆ ಮಾತ್ರ.
“ಇಲ್ಲ,” ಅಂದೆ.

“ಚಲೋ ಆತು ಬಿಡ್ರಿ,” ಅಂದಳು ಹುಲಿಗೆಮ್ಮ,
ನಿಜಕ್ಕೂ ನನಗಾಗಿ ಸಮಾಧಾನಪಟ್ಟು,
ಮಗುವಿನ ಟೋಪಿಯನ್ನು ಕಿವಿಯ ಕೆಳಗೆ ಎಳೆಯುತ್ತಾ.